ಮೂರು ಗಂಟೆಯ ಬಟ್ಟಲು

ಬಾತ್‌ರೂಮಿನ ಬಾಗಿಲ ಪಕ್ಕದಲ್ಲಿರುವ ಗಾಜಿನ ತೂಕದ ಮಿಷನ್ನಿನಲ್ಲಿ ನನ್ನ ಅಂಕೆ ತಿಂಗಳುಗಟ್ಟಲೆ ಎಂಬತ್ತೆರಡರಲ್ಲೇ ನಿಂತಿದ್ದದ್ದು ನಿಮ್ಮಿಬ್ಬರಿಗೂ ನೆನಪಿರಬಹುದು. ಚಿಕ್ಕವನು ಅದಕ್ಕೆ ‘ಅಜ್ಜಿಯ ಸ್ಟೇಷನ್’ ಎಂದು ಹೆಸರಿಟ್ಟಿದ್ದ. ರೈಲು ಅಲ್ಲಿಂದ ಮುಂದೆ ಹೋಗುವುದಿಲ್ಲ ಎಂದು. ನಾನೂ ನಕ್ಕಿದ್ದೆ. ಅದು ಏಕೆ ನಿಂತಿತ್ತು, ಮತ್ತೆ ಹೇಗೆ ಇಳಿಯಿತು ಎನ್ನುವುದು ದೊಡ್ಡವಳಿಗೆ ಅರ್ಧ ಗೊತ್ತು, ಚಿಕ್ಕವನಿಗೆ ಏನೂ ಗೊತ್ತಿಲ್ಲ. ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಬರೆದರೆ ಆಗುತ್ತದೆ. ಮನೆಯಲ್ಲಿ ನಾವು ಆಡುವುದು ತುಳು. ಆದರೆ ಊರಿನ ಶಾಲೆಯಲ್ಲಿ ನನಗೆ ಬರೆಯಲು ಕಲಿಸಿದ್ದು ಕನ್ನಡ. ಹಾಗಾಗಿ ಇಲ್ಲಿ ಎಲ್ಲರೂ ಕನ್ನಡದಲ್ಲೇ ಮಾತನಾಡುತ್ತಾರೆ.

ನಿಮ್ಮ ಅಜ್ಜನಿಗೆ ಬೋಳಾರದಲ್ಲಿ ಒಂದು ಊಟದ ಹೋಟೆಲ್ ಇತ್ತು. ಅದರ ಹಿಂದೆಯೇ ನಮ್ಮ ಮನೆ. ಬಂದರಿನಲ್ಲಿ ಕೆಲಸ ಮಾಡುವವರು, ಲಾರಿಯವರು, ಹತ್ತಿರದ ಅಂಗಡಿಗಳವರು ಅಲ್ಲಿಗೆ ಮೀನಿನ ಊಟಕ್ಕೆ ಬರುತ್ತಿದ್ದರು. ಕೊನೆಯ ಗಿರಾಕಿ ಉಂಡು ಕೈ ತೊಳೆಯುವವರೆಗೆ ಅಜ್ಜ ಒಂದು ತುತ್ತು ಬಾಯಿಗೆ ಹಾಕಿದವರಲ್ಲ. ಹೋಟೆಲಿನ ಅಡುಗೆಯನ್ನಂತೂ ಉಣ್ಣುತ್ತಲೇ ಇರಲಿಲ್ಲ. ಮೂರು ಗಂಟೆಯ ಹೊತ್ತಿಗೆ ಹಿಂದಿನ ಬಾಗಿಲಿನಿಂದ ಬಂದು ಕಾಲು ತೊಳೆದು, ಒಳಗೆ ಬರುವ ಮೊದಲೇ ಕೇಳುತ್ತಿದ್ದರು.

“ಎಂತ ಉಂಟು ಇವತ್ತು?”

“ಬಂಗುಡೆ ಪುಳಿಮುಂಚಿ.”

“ತಲೆ ಉಂಟಲ್ಲ? ಬೆಕ್ಕಿಗೆ ಹಾಕಿದ್ದಲ್ಲವಲ್ಲ?”

“ಬೆಕ್ಕಿಗೆ ಬಾಲ ಹಾಕಿದ್ದೇನೆ. ಇನ್ನೊಂದು ಬೆಕ್ಕಿಗೆ ತಲೆ ಇಟ್ಟಿದ್ದೇನೆ.”

ಮೊದಲ ಕೆಲವು ವರ್ಷ ನಾನು ಅವರೊಡನೆ ಹೀಗೆ ಮಾತನಾಡುತ್ತಿರಲಿಲ್ಲ. ಅವರೇ ಮಾತು ಹುಟ್ಟಿಸಿದ್ದು. ಅಂಚು ಸ್ವಲ್ಪ ನೆಗ್ಗಿದ ಸ್ಟೀಲಿನ ಊಟದ ಬಟ್ಟಲು ಅವರದ್ದು. ಅದರ ತುಂಬ ಕುಚ್ಚಲಕ್ಕಿ ಅನ್ನ, ಮೇಲೆ ಹುಳಿ ಖಾರದ ಆ ಮೀನಿನ ಸಾರು, ಬದಿಯಲ್ಲಿ ಪಲ್ಯ. ಅವರು ಎರಡನೇ ಸಲ ಬಡಿಸಿಕೊಂಡ ಮೇಲೆ ನಾನು ಕೂರುತ್ತಿದ್ದೆ. ದಿನದಲ್ಲಿ ನಾವಿಬ್ಬರೇ ಇರುತ್ತಿದ್ದದ್ದು ಆ ಹೊತ್ತು ಮಾತ್ರ. ಸಂಜೆಗೆ ಪುನಃ ಹೋಟೆಲ್, ರಾತ್ರಿಗೆ ಆಯಾಸ. ನಮ್ಮ ಸಂಸಾರ ಎನ್ನುವುದೇನಿದ್ದರೂ ಮೂರರಿಂದ ನಾಲ್ಕರವರೆಗೆ.

ಅವರ ಕಾಯಿಲೆಯ ದಿನಗಳಲ್ಲಿ ನೀವು ಚಿಕ್ಕವರಾಗಿದ್ದಿರಿ. ನಿಮ್ಮನ್ನು ಆಸ್ಪತ್ರೆಗೆ ಹೆಚ್ಚು ಕರೆತಂದಿರಲಿಲ್ಲ. ಅಲ್ಲಿ ಪ್ರತಿ ಸಲವೂ ಮೊದಲು ತೂಕ ನೋಡುತ್ತಿದ್ದರು. ನರ್ಸ್ ಅಂಕೆಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಹೋದ ಸಲಕ್ಕಿಂತ ಕಡಿಮೆ, ಅದರ ಹಿಂದಿನದ್ದಕ್ಕಿಂತ ಇನ್ನೂ ಕಡಿಮೆ. ಅಷ್ಟು ಅನ್ನ ಉಣ್ಣುತ್ತಿದ್ದವರ ಗಂಟಲಿನಲ್ಲಿ ಕೊನೆಗೆ ಗಂಜಿಯ ತಿಳಿ ಮಾತ್ರ ಇಳಿಯುತ್ತಿತ್ತು, ಅದೂ ಚಮಚದಲ್ಲಿ. ಆಗಿನಿಂದ ಇಳಿಯುವ ಅಂಕೆ ಎಂದರೆ ನನಗೆ ಒಂದು ತರಹದ ಭಯ.

ಅವರು ಹೋದ ಮೇಲೆ ಹೋಟೆಲಿನ ಬಾಗಿಲು ಮುಚ್ಚಿತು. ನಿಮ್ಮ ಅಮ್ಮ ನನ್ನನ್ನು ಮಣ್ಣಗುಡ್ಡದ ಈ ಫ್ಲ್ಯಾಟಿಗೆ ಕರೆದುಕೊಂಡು ಬಂದಳು. ಆ ಬಟ್ಟಲನ್ನು ನಾನು ಸೀರೆಗಳ ನಡುವೆ ಇಟ್ಟು ತಂದೆ. ಇಲ್ಲಿ ಕೂತು ಕೂತು ನನ್ನ ಮೈ ಬೆಳೆಯಿತು. ಮೊಣಕಾಲು ಮೊದಲೇ ಹಾಳಾಗಿತ್ತು, ಈಗ ನಿಲ್ಲಲೂ ಆಗದಷ್ಟಾಯಿತು. ಎಲುಬಿನ ಡಾಕ್ಟರು ಎಕ್ಸ್‌ರೇ ಫೋಟೋ ನೋಡಿ, ಎರಡೂ ಕಾಲಿಗೆ ಆಪರೇಷನ್ ಬೇಕು, ಆದರೆ ಈ ತೂಕದಲ್ಲಿ ಮಾಡಲಾರೆ, ಎಪ್ಪತ್ತೈದಕ್ಕೆ ಇಳಿಸಿಕೊಂಡು ಬನ್ನಿ ಎಂದರು. ಊಟದ ಕ್ರಮ ಹೇಳಿಕೊಡಲು ಅದೇ ಆಸ್ಪತ್ರೆಯಲ್ಲಿ ಒಬ್ಬಳು ಡಯಟ್ ಮೇಡಂ ಇದ್ದಳು. ಕೊಂಕಣಿ ಮಾತನಾಡುವ ಕ್ರಿಶ್ಚಿಯನ್ ಹುಡುಗಿ, ಒಳ್ಳೆಯ ನಗು. ಅವಳು ಹೇಳಿದಂತೆ ಸಕ್ಕರೆ ಬಿಟ್ಟೆ, ತೆಂಗಿನಕಾಯಿ ಕಡಿಮೆ ಮಾಡಿದೆ, ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಸಣ್ಣ ಕಪ್ಪಿನಲ್ಲಿ ಅನ್ನ, ಜೊತೆಗೆ ತರಕಾರಿ, ಬೇಯಿಸಿದ ಮೊಟ್ಟೆ. ತೂಕ ಇಳಿಯಿತು. ಎಲ್ಲರಿಗೂ ಸಂತೋಷ.

ಆಗ ಆಟಿ ತಿಂಗಳು ಬಂತು.

ನಮ್ಮ ಕಡೆ ಮಳೆಗಾಲದ ಈ ತಿಂಗಳಲ್ಲಿ ತೀರಿಕೊಂಡವರಿಗೆ ಬಡಿಸುವ ಕ್ರಮ ನಿಮಗೆ ಗೊತ್ತು. ಆದರೆ ಒಂದು ವಿಷಯ ನಿಮಗೆ ಸರಿಯಾಗಿ ಗೊತ್ತಿರಲಾರದು. ನಮ್ಮಲ್ಲಿ ಕುಟುಂಬ ಎನ್ನುವುದು ತಾಯಿಯ ಕಡೆಯಿಂದ. ನೀವು ನಿಮ್ಮ ಅಮ್ಮನ ಕುಟುಂಬ, ನಿಮ್ಮ ಅಮ್ಮ ನನ್ನ ಕುಟುಂಬ. ಅಜ್ಜ ಮಾತ್ರ ಅವರ ತಾಯಿಯ ಮನೆಗೆ ಸೇರಿದವರು. ನನಗೆ ಮುಂದೆ ನೀವು ಬಡಿಸುತ್ತೀರಿ. ಅವರಿಗೆ ಬಡಿಸುವುದು ಕೂಳೂರಿನ ಸೇತುವೆ ದಾಟಿ ಹೋಗಬೇಕಾದ ಅವರ ಕುಟುಂಬದ ಮನೆಯಲ್ಲಿ, ಅವರ ಅಕ್ಕ ಮತ್ತು ಸೋದರಳಿಯಂದಿರು. ಅಷ್ಟು ವರ್ಷ ಅವರಿಗೆ ದಿನಾ ಬಡಿಸಿದವಳು ನಾನು. ಆ ಮನೆಯಲ್ಲಿ ನಾನು ನೆಂಟಳು. ಇದರಲ್ಲಿ ಯಾರ ತಪ್ಪೂ ಇಲ್ಲ, ಕ್ರಮ ಇರುವುದೇ ಹಾಗೆ.

ಅವರು ತೀರಿಕೊಂಡ ಮೇಲೆ ಮೊದಲ ಸಲ, ಆ ಆಟಿಯಲ್ಲಿ ನಾನೂ ನಿಮ್ಮ ಅಮ್ಮನೂ ಹೋದೆವು. ಎಲೆ ಹಾಕುವ ಕೋಣೆ ಎತ್ತರದ ಚಾವಡಿಯಲ್ಲಿದೆ. ಕಲ್ಲಿನ ಮೆಟ್ಟಿಲು, ಮಳೆಗೆ ಪಾಚಿ ಕಟ್ಟಿತ್ತು. ಎರಡನೆಯ ಮೆಟ್ಟಿಲಿನಲ್ಲಿ ನನ್ನ ಮೊಣಕಾಲು ಕೈಕೊಟ್ಟಿತು. ಇಬ್ಬರು ಹುಡುಗರು ಬಂದು ಎತ್ತಲು ನೋಡಿದರು, ಆಗಲಿಲ್ಲ. ಒಬ್ಬ ಇನ್ನೊಬ್ಬನ ಮುಖ ನೋಡಿ ನಗು ತಡೆದುಕೊಂಡದ್ದು ನನಗೆ ಕಂಡಿತು. ಕೆಳಗೆ ಅಂಗಳದ ಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು. ಮೇಲೆ ಎಲೆಗಳಿಗೆ ಬಡಿಸಿ, ಸತ್ತವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತರು. ಸ್ವಲ್ಪ ಹೊತ್ತಿನ ನಂತರ ಕೆಮ್ಮಿ, ಬಾಗಿಲು ತಟ್ಟಿ ತೆರೆದರು. ನಾನು ಕುರ್ಚಿಯಲ್ಲಿ ಕೂತು ಅವರೆಲ್ಲರ ಬೆನ್ನು ನೋಡಿದೆ. ಎಲೆ ಕಾಣಲಿಲ್ಲ.

ಆ ದಿನವೇ ಮನಸ್ಸಿನಲ್ಲಿ ನಿಶ್ಚಯ ಮಾಡಿದೆ, ಮುಂದಿನ ಆಟಿಗೆ ಆ ಮೆಟ್ಟಿಲು ಹತ್ತಬೇಕು, ಅವರ ಎಲೆ ನೋಡಬೇಕು. ಅದಕ್ಕೆ ಆಪರೇಷನ್ ಆಗಬೇಕು, ಅದಕ್ಕೆ ತೂಕ ಇಳಿಯಬೇಕು.

ಮರುದಿನ ಮನೆಯಲ್ಲಿ ಒಬ್ಬಳೇ ಇದ್ದೆ. ಒಂದು ಗಂಟೆಗೆ ನನ್ನ ಸಣ್ಣ ಕಪ್ಪಿನ ಊಟ ಮುಗಿಸಿದೆ. ಮೂರು ಗಂಟೆಗೆ ಗಡಿಯಾರ ನೋಡಿದೆ. ಸೀರೆಗಳ ನಡುವಿನಿಂದ ಬಟ್ಟಲು ತೆಗೆದು ತೊಳೆದು, ಅವರು ಆರೋಗ್ಯದಲ್ಲಿದ್ದಾಗ ಎಷ್ಟು ಉಣ್ಣುತ್ತಿದ್ದರೋ ಅಷ್ಟು ಬಡಿಸಿದೆ. ಬಗ್ಗಲು ಆಗುವುದಿಲ್ಲವಾದ್ದರಿಂದ ನೆಲಕ್ಕೆ ಬದಲು ಮೇಜಿನ ಮೇಲಿಟ್ಟೆ. ಮೇಜಿನ ಮೇಲೆ ಉಂಡು ಅವರಿಗೆ ಅಭ್ಯಾಸ ಇರಲಿಲ್ಲ, ಕ್ಷಮಿಸಿ ಎಂದೆ. ಅಡುಗೆಮನೆಯ ಬಾಗಿಲು ಎಳೆದುಕೊಂಡು ಹೊರಗೆ ಹಾಲ್‌ನಲ್ಲಿ ಕೂತೆ. ಆಮೇಲೆ ಕೆಮ್ಮಿ ಒಳಗೆ ಹೋದೆ.

ಹಿರಿಯರಿಗೆ ಬಡಿಸಿದ್ದನ್ನು ನಮ್ಮಲ್ಲಿ ಬಿಸಾಡುವುದಿಲ್ಲ. ಮನೆಯವರೇ ಉಣ್ಣುತ್ತಾರೆ. ಮನೆಯಲ್ಲಿ ಇದ್ದದ್ದು ನಾನೊಬ್ಬಳೇ. ಉಂಡೆ.

ಮರುದಿನವೂ ಬಡಿಸಿದೆ. ಅದರ ಮರುದಿನವೂ. ಭಾನುವಾರ ನೀವೆಲ್ಲ ಮನೆಯಲ್ಲಿರುವಾಗ ಬಿಟ್ಟರೆ, ಉಳಿದ ದಿನ ಮೂರು ಗಂಟೆ ತಪ್ಪಲಿಲ್ಲ. ಬಹಳ ಕಾಲದ ನಂತರ ನನ್ನ ಹಗಲಿಗೆ ಒಂದು ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಮೀನಿನವಳು ಗೇಟಿನ ಹತ್ತಿರ ಬಂದರೆ ಬಂಗುಡೆಯನ್ನು ತಲೆ ಸಮೇತ ಕೇಳಿ ತೆಗೆದುಕೊಳ್ಳುತ್ತಿದ್ದೆ.

ಆಮೇಲೆ ತೂಕ ನಿಂತಿತು. ಎಂಬತ್ತೆರಡು.

ಡಯಟ್ ಮೇಡಂ ಮೊದಲ ಸಲ ಧೈರ್ಯ ಹೇಳಿದಳು.

“ಆಂಟಿ, ಬೇಜಾರು ಮಾಡ್ಬೇಡಿ. ಇಳೀತಾ ಇಳೀತಾ ಒಂದು ಕಡೆ ನಿಲ್ತದೆ. ಎಲ್ಲರಿಗೂ ಹಾಗೇ ಆಗ್ತದೆ.”

ಎರಡನೆಯ ಸಲ ಅನ್ನದ ಕಪ್ಪು ಇನ್ನೂ ಸಣ್ಣದಾಯಿತು. ಮೂರನೆಯ ಸಲ ಪೆನ್ನು ಕೆಳಗಿಟ್ಟು ಕೇಳಿದಳು.

“ಆಂಟಿ, ನೀವು ತಿನ್ನುವುದೆಲ್ಲ ನನಗೆ ಹೇಳಿದ್ದೀರಲ್ಲ? ಮೊಮ್ಮಕ್ಕಳ ಚಿಪ್ಸ್, ಗಿಪ್ಸ್?”

“ಎಲ್ಲ ಹೇಳಿದ್ದೇನೆ.”

“ಒಮ್ಮೆ ಆಲೋಚನೆ ಮಾಡಿ.”

“ಅಮ್ಮ ಸುಳ್ಳು ಹೇಳುವವರಲ್ಲ ಮೇಡಂ,” ಎಂದು ಜೊತೆಗೆ ಬಂದಿದ್ದ ನಿಮ್ಮ ಅಮ್ಮ ಹೇಳಿದಳು.

ನಾನು ಸುಳ್ಳು ಹೇಳಿರಲೂ ಇಲ್ಲ. ನಾನು ಉಣ್ಣುತ್ತಿದ್ದದ್ದು ಒಂದು ಗಂಟೆಗೆ. ಮೂರು ಗಂಟೆಯದ್ದು ಅವರ ಊಟ. ಅದನ್ನು ನನ್ನ ಊಟ ಎಂದು ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ನೀವು ನಂಬಬೇಕು. ಬಾಯಿ ನನ್ನದು, ಹೊಟ್ಟೆ ನನ್ನದು, ಆದರೆ ಉಣ್ಣುವವರು ಅವರು ಎಂಬ ಹಾಗೆ ಇತ್ತು ನನ್ನ ಮನಸ್ಸಿಗೆ. ನಿಮ್ಮ ಅಮ್ಮ ದಾರಿಯಲ್ಲಿ ಆಟೋದಲ್ಲಿ ಕೂತು ಅತ್ತಳು. ಆಪರೇಷನ್ ಆಗದಿದ್ದರೆ ಇನ್ನು ಗಾಲಿಕುರ್ಚಿಯೇ ಗತಿ ಎಂದು ಡಾಕ್ಟರು ಅವಳಿಗೆ ಹೇಳಿದ್ದರಂತೆ. ನನಗೆ ಗಾಲಿಕುರ್ಚಿಯ ಯೋಚನೆ ಬರಲಿಲ್ಲ, ಕಲ್ಲಿನ ಮೆಟ್ಟಿಲಿನ ಯೋಚನೆ ಬಂತು.

ಆಮೇಲೆ ದೊಡ್ಡವಳಿಗೆ ಪರೀಕ್ಷೆಗೆ ಓದುವ ರಜೆ ಸಿಕ್ಕಿತು. ನೀನು ಬಾಗಿಲು ಹಾಕಿಕೊಂಡು ಓದುತ್ತಿದ್ದಿ. ಮೂರು ಗಂಟೆಗೆ ನಾನು ಬಡಿಸಿ ಹಾಲ್‌ನಲ್ಲಿ ಕೂತಾಗ ನೀನು ನೀರಿಗೆಂದು ಅಡುಗೆಮನೆಯ ಬಾಗಿಲು ತೆರೆಯಲು ಹೋದೆ. ನಾನು ತಡೆದೆ.

“ಈಗ ಹೋಗ್ಬೇಡ.”

“ಯಾಕೆ ಅಜ್ಜಿ? ಒಳಗೆ ಯಾರು ಉಂಟು?”

ನಾನು ಉತ್ತರ ಹೇಳುವಷ್ಟರಲ್ಲಿ ನೀನು ಬಾಗಿಲು ಸ್ವಲ್ಪ ಸರಿಸಿ ಇಣುಕಿದೆ.

“ಇದು ಯಾರಿಗೆ?”

“ಅಜ್ಜನಿಗೆ.”

ನೀನು ನಗಲಿಲ್ಲ, ಹೆದರಲೂ ಇಲ್ಲ. ಬಾಗಿಲನ್ನು ಮೊದಲಿದ್ದ ಹಾಗೆಯೇ ಎಳೆದು ನನ್ನ ಪಕ್ಕದಲ್ಲಿ ಬಂದು ಕೂತೆ. ಮೆಲ್ಲಗೆ ಕೇಳಿದೆ.

“ಮತ್ತೆ ಅದನ್ನು ಯಾರು ಉಣ್ಣುವುದು?”

“ನಾನೇ. ಬಿಸಾಡ್ಲಿಕ್ಕೆ ಆಗ್ತದಾ?”

“ದಿನಾ?”

“ದಿನಾ.”

“ಅಜ್ಜಿ,” ಎಂದೆ ನೀನು. “ಎಂಬತ್ತೆರಡು.”

ಆಗ ನನಗೆ ತಿಳಿಯಿತು. ಯಾರೋ ದೀಪ ಹಾಕಿದ ಹಾಗೆ ತಿಳಿಯಿತು, ಹಾಕದಿದ್ದರೆ ಒಳ್ಳೆಯದಿತ್ತು ಎಂದೂ ಅನಿಸಿತು. ಆ ದಿನ ನೀನು, ನಾನು ಉಣ್ತೇನೆ ಬಿಡಿ ಅಜ್ಜಿ ಎಂದು ಕೂತೆ. ಕುಚ್ಚಲಕ್ಕಿ ನಿನಗೆ ಸೇರುವುದಿಲ್ಲ. ಅರ್ಧ ಬಟ್ಟಲಿಗೆ ನಿನ್ನ ಕಣ್ಣಲ್ಲಿ ನೀರು ಬಂತು, ಪುಳಿಮುಂಚಿಯ ಖಾರಕ್ಕೆ ಎಂದು ನೀನು ಹೇಳಿದೆ. ಖಾರ ಅಷ್ಟೇನೂ ಇರಲಿಲ್ಲ.

ಅಮ್ಮನಿಗೆ ಹೇಳಬೇಡ ಎಂದು ನಾನು ಹೇಳಲಿಲ್ಲ, ನೀನು ಅವಳಿಗೆ ಎಲ್ಲ ಹೇಳಿದೆ. ಅದು ಸರಿ. ನಿಮ್ಮ ಅಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. ಒಂದು ಚಮಚ ಮಾತ್ರ ಬಡಿಸಿ ಎಂದಳು. ಆ ಮನುಷ್ಯನಿಗೆ ಕೊನೆಗೆ ಚಮಚದಲ್ಲಿ ಕೊಟ್ಟದ್ದು ಸಾಲದೇ ಎಂದು ನಾನು ಕೇಳಿದೆ. ಅಷ್ಟು ಗಟ್ಟಿಯಾಗಿ ನಾನು ಅವಳೊಡನೆ ಎಂದೂ ಮಾತನಾಡಿರಲಿಲ್ಲ. ಕಾಗೆಗೆ ಇಡೋಣ ಎಂದಳು, ವಾಚ್‌ಮ್ಯಾನಿಗೆ ಕೊಡೋಣ ಎಂದಳು. ಮನೆಯ ಬಟ್ಟಲು ಮನೆಯಲ್ಲೇ ಮುಗಿಯಬೇಕು ಎಂದೆ. ನಾನು ಬಡಿಸುವುದನ್ನು ಬಿಟ್ಟರೆ ಈ ಮನೆಯಲ್ಲಿ ಅವರಿಗೆ ಬಡಿಸುವವರು ಯಾರೂ ಇಲ್ಲ. ಅದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಬಿಡದಿದ್ದರೆ ಆ ಚಾವಡಿಯ ಮೆಟ್ಟಿಲು ನನಗಿಲ್ಲ.

ಆ ವಾರ ಅಜ್ಜನ ಅಕ್ಕ ಒಂದು ಮದುವೆಯ ಕಾಗದ ಕೊಡಲು ಬಂದರು. ನಿಮಗೆ ಅವರನ್ನು ಕಂಡರೆ ಸ್ವಲ್ಪ ಹೆದರಿಕೆ. ನನಗೂ. ನಿಮ್ಮ ಅಮ್ಮ ಚಾ ಕೊಟ್ಟು, “ಮಾಮಿ, ನೀವೇ ಒಂದು ಮಾತು ಹೇಳಿ” ಎಂದು ಎಲ್ಲವನ್ನೂ ಹೇಳಿಬಿಟ್ಟಳು. ನಾನು ನೆಲ ನೋಡುತ್ತಾ ಕೂತಿದ್ದೆ.

ಅವರು ಚಾ ಕುಡಿದು ಮುಗಿಸಿದರು.

“ಎಂತ ಮಾರಾಯ್ತಿ, ನಿನಗೆ ಅವನು ಅಲ್ಲಿ ಉಪವಾಸ ಇದ್ದಾನೆ ಅಂತ ಕಂಡಿತಾ?”

“ಹಾಗಲ್ಲ ಅಕ್ಕ.”

“ಮತ್ತೆ? ಅವನನ್ನು ನಾವು ಹಿರಿಯರ ಒಟ್ಟಿಗೆ ಸೇರಿಸಿ ಆಯ್ತು. ಹೆತ್ತ ಅಪ್ಪೆ ಉಂಟು ಅಲ್ಲಿ, ಮಾವಂದಿರು ಉಂಟು. ನೀನು ದಿನಾ ಮೂರು ಗಂಟೆಗೆ ಇಲ್ಲಿಗೆ ಕರೆದರೆ ಅವನು ಅಲ್ಲಿಯೂ ಕೂರುವುದಿಲ್ಲ, ಇಲ್ಲಿಯೂ ಕೂರುವುದಿಲ್ಲ. ದಾರಿಯಲ್ಲೇ ಇರ್ತಾನೆ.”

ಕೂಳೂರಿನ ಸೇತುವೆಯ ಮೇಲೆ, ಲಾರಿಗಳ ನಡುವೆ, ಚಪ್ಪಲಿ ಎಳೆಯುತ್ತಾ ಅವರು ನಡೆದು ಬರುತ್ತಿರುವುದು ಕಣ್ಣಿಗೆ ಕಟ್ಟಿತು. ಆ ಬಿಸಿಲಿನಲ್ಲಿ.

“ನನ್ನ ತಮ್ಮ ಅವನು,” ಎಂದರು ಅವರು, ಸ್ವರ ಸ್ವಲ್ಪ ತಗ್ಗಿಸಿ. “ನನಗೂ ಸಂಕಟ ಉಂಟು. ಆ ಬಟ್ಟಲು ನನಗೆ ಕೊಡು.”

ಕೊಡುವುದಿಲ್ಲ ಎನ್ನಬಹುದಿತ್ತು. ಅವರು ಕೈ ಚಾಚಿಕೊಂಡೇ ಕೂತಿದ್ದರು. ಮೊದಲು ಮೆಟ್ಟಿಲಿನ ಯೋಚನೆ ಬಂತು, ಆಮೇಲೆ ಆ ಸೇತುವೆಯದ್ದು. ನಾನು ಎದ್ದು ಹೋಗಿ ಬಟ್ಟಲು ತೊಳೆದು, ಒರೆಸಿ, ಪತ್ರಿಕೆಯಲ್ಲಿ ಸುತ್ತಿ ಕೊಟ್ಟೆ. ಮದುವೆಯ ಕಾಗದಗಳಿದ್ದ ಚೀಲದಲ್ಲೇ ಅದನ್ನೂ ಹಾಕಿಕೊಂಡು ಅವರು ಹೊರಟರು.

ಮರುದಿನ ಮೂರು ಗಂಟೆಗೆ ಏನು ಮಾಡುವುದೆಂದು ತಿಳಿಯಲಿಲ್ಲ. ಡಯಟ್ ಮೇಡಂಗೆ ಈಗ ನಿಮ್ಮ ಅಮ್ಮನಿಂದ ಎಲ್ಲ ಗೊತ್ತಾಗಿತ್ತು. ಅವಳು ಗದರಲಿಲ್ಲ. ಅವಳ ಅಜ್ಜಿಯೂ ನವೆಂಬರಿನಲ್ಲಿ ಸತ್ತವರ ದಿನ ಅಜ್ಜನ ಗೋರಿಯ ಹತ್ತಿರ ಮೇಣದ ಬತ್ತಿ ಹಚ್ಚಿ ಏಳಲು ಒಪ್ಪುವುದಿಲ್ಲವಂತೆ. “ಆ ಹೊತ್ತಿಗೆ ಸುಮ್ಮನೆ ಕೂರ್ಬೇಡಿ ಆಂಟಿ, ಆದಷ್ಟು ನಡೀರಿ,” ಎಂದಿದ್ದಳು. ಕೋಲು ಹಿಡಿದು ಫ್ಲ್ಯಾಟಿನ ಹೊರಗಿನ ಓಣಿಯಲ್ಲಿ ಗೋಡೆ ಮುಟ್ಟಿಕೊಂಡು ನಡೆದೆ. ಎದುರು ಮನೆಯಾಕೆ ಬಾಗಿಲು ತೆರೆದು, “ಯಾರನ್ನಾದರೂ ಕಾಯ್ತಾ ಇದ್ದೀರಾ?” ಎಂದು ಕೇಳಿದಳು. ಇಲ್ಲ ಎಂದೆ.

ಕೆಲವು ವಾರ ಅಂಕೆ ಅಲುಗಲಿಲ್ಲ. ದೇಹಕ್ಕೂ ಬಿಡಲು ಮನಸ್ಸಿರಲಿಲ್ಲವೋ ಏನೋ. ಒಂದು ಬೆಳಿಗ್ಗೆ ಮಿಷನ್ ಎಂಬತ್ತೊಂದು ತೋರಿಸಿತು. ಚಿಕ್ಕವನೇ, ನೀನು ಚಪ್ಪಾಳೆ ತಟ್ಟಿ, ರೈಲು ಬಿಟ್ಟಿತು ಎಂದು ಮನೆಯೆಲ್ಲ ಓಡಿದೆ. ನಾನು ಬಾತ್‌ರೂಮಿನೊಳಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತೆ. ಇಳಿದದ್ದು ನನ್ನ ಕೊಬ್ಬು ಎಂದು ನಿಮಗೆಲ್ಲ ಅನಿಸಿತು. ನನಗೆ ಅದು ಅವರ ಅನ್ನ. ಆ ನರ್ಸ್ ಅಂಕೆ ಓದುತ್ತಿದ್ದ ಸ್ವರ ಕಿವಿಯಲ್ಲಿ ಪುನಃ ಕೇಳಿಸಿತು. ಪ್ರತಿ ವಾರ ಅವರು ಇನ್ನೊಂದು ಸಲ ಕಡಿಮೆಯಾಗುತ್ತಾ ಹೋದರು. ನೀವು ಪ್ರತಿ ವಾರ ಸಂತೋಷಪಟ್ಟಿರಿ. ನಾನೂ ನಕ್ಕೆ. ಆ ನಗು ಪೂರ್ತಿ ಸುಳ್ಳಲ್ಲ.

ಎಪ್ಪತ್ತೈದು ತಲುಪಿದ ದಿನ ಎಲುಬಿನ ಡಾಕ್ಟರು, “ಎಂತ ಮಾಡಿದ್ರಿ ಅಮ್ಮ, ನಿಂತದ್ದು ಹೇಗೆ ಇಳೀತು?” ಎಂದು ಕೇಳಿದರು.

“ಅನ್ನ ಕಡಿಮೆ ಮಾಡಿದೆ,” ಎಂದೆ.

ಆಪರೇಷನ್ ಆಯಿತು, ಒಂದು ಕಾಲು, ಸ್ವಲ್ಪ ಸಮಯ ಬಿಟ್ಟು ಇನ್ನೊಂದು. ನೋವಿನ ವಿಷಯ ಬರೆಯುವುದಿಲ್ಲ, ನೀವು ಕಣ್ಣಾರೆ ಕಂಡಿದ್ದೀರಿ.

ಈ ಸಲದ ಆಟಿಗೆ ಆ ಮೆಟ್ಟಿಲುಗಳನ್ನು ಹತ್ತಿದೆ. ನಿಮ್ಮ ಅಮ್ಮ ಹಿಂದೆ ಕೈ ಚಾಚಿಕೊಂಡೇ ಬಂದಳು, ಮುಟ್ಟಲಿಲ್ಲ. ಕಳೆದ ವರ್ಷ ನಗು ತಡೆದುಕೊಂಡ ಹುಡುಗನೇ ಮೇಲಿನ ಮೆಟ್ಟಿಲಿನಲ್ಲಿ ನಿಂತು ಕೈ ಕೊಟ್ಟ. ಚಾವಡಿಯ ಬದಿಯಲ್ಲಿ ಹೆಂಗಸರು ಅಡುಗೆಗೆ ತಯಾರು ಮಾಡುತ್ತಿದ್ದರು. ಅವರ ನಡುವೆ ಅಂಚು ನೆಗ್ಗಿದ ಸ್ಟೀಲಿನ ಬಟ್ಟಲು, ಅದರ ತುಂಬ ಹೆಚ್ಚಿದ ನೀರುಳ್ಳಿ. ಒಂದು ಕ್ಷಣ ಅಲ್ಲೇ ನಿಂತೆ. ಮತ್ತೆ, ಹೋಟೆಲಿನವರ ಬಟ್ಟಲಲ್ಲವೇ, ನೀರುಳ್ಳಿ ಅದಕ್ಕೆ ಹೊಸತಲ್ಲ ಎಂದುಕೊಂಡೆ.

ಅಡುಗೆ ಆದ ಮೇಲೆ ಒಳಗೆ ಬಾಳೆ ಎಲೆಗಳನ್ನು ಸಾಲಾಗಿ ಹಾಸಿ ಬಡಿಸಿದರು. ಕೋಳಿ ಸಾರು, ರೊಟ್ಟಿ, ಮೀನು, ಅನ್ನ. ಎಲ್ಲ ಎಲೆಗೂ ಒಂದೇ ತರಹ.

“ಅಕ್ಕ, ಅವರದ್ದು ಯಾವುದು?”

ಅಜ್ಜನ ಅಕ್ಕ ನನ್ನ ಮುಖ ನೋಡಿದರು. “ಹಾಗೆ ಬೇರೆ ಅಂತ ಇಲ್ಲ ಮಾರಾಯ್ತಿ. ಎಲ್ಲರೂ ಒಟ್ಟಿಗೆ.”

ಒಂದು ವರ್ಷ ಕಾದು ನಾನು ಬಂದದ್ದು ಆ ಎಲೆಯನ್ನು ನೋಡಲು. ಹೊಸ ಮೊಣಕಾಲು, ನೆಲದಲ್ಲಿ ಕೂತು ಅಡ್ಡ ಬೀಳಬಾರದೆಂದು ಡಾಕ್ಟರು ಹೇಳಿದ್ದರು. ನಿಂತೇ ಸಾಲಿನ ಆ ತುದಿಯಿಂದ ಈ ತುದಿಯವರೆಗೆ ಕೈ ಮುಗಿದೆ. ಎಲ್ಲಿಯೋ ಒಂದು ಕಡೆ ಇದ್ದಾರಲ್ಲ.

ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದರು. ಗಂಟೆ ಹನ್ನೆರಡೂವರೆ ಆಗಿತ್ತು. ಮಕ್ಕಳಿಗೆ ಹಸಿವು. ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಸೋದರಳಿಯ ಕೆಮ್ಮಿ ಬಾಗಿಲು ತಟ್ಟಲು ಕೈ ಎತ್ತಿದ. ನಾನು ಆ ಮನೆಯಲ್ಲಿ ಆ ದಿನದವರೆಗೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟವಳು.

“ಸ್ವಲ್ಪ ಇರಲಿ,” ಎಂದೆ. “ಅವರು ತಡವಾಗಿ ಉಣ್ಣುವವರು.”

ಎಲ್ಲರೂ ತಿರುಗಿ ನೋಡಿದರು. ಆ ಸೋದರಳಿಯ, “ಎಷ್ಟು ಹೊತ್ತು? ನನಗೆ ಡ್ಯೂಟಿ ಉಂಟು,” ಎಂದ. ಅಜ್ಜನ ಅಕ್ಕ ಅವನನ್ನು ಕಣ್ಣಲ್ಲೇ ಸುಮ್ಮನಿರಿಸಿ, ಬಾಗಿಲಿನ ಎದುರು ಕೆಳಗೆ ಕೂತುಬಿಟ್ಟರು. ನನಗೆ ಒಂದು ಕುರ್ಚಿ ತರಿಸಿದರು. ಮಕ್ಕಳಿಗೆ ಅಡುಗೆಮನೆಯಿಂದ ರೊಟ್ಟಿ ಕೊಡಿಸಿದರು. ಮಳೆ ಬಂದು ಹೋಯಿತು, ಮತ್ತೆ ಬಂತು.

ಮೂರರವರೆಗೆ ಆಗಲಿಲ್ಲ. ಎರಡು ಗಂಟೆಗೆ ಬಾಗಿಲು ತಟ್ಟಿ ತೆರೆದರು. ಅಷ್ಟು ಜನರನ್ನು ಇನ್ನೂ ಕಾಯಿಸುವುದು ಸರಿಯಲ್ಲ. ಎಲೆಗಳ ಮೇಲಿದ್ದದ್ದನ್ನು ಒಟ್ಟು ಮಾಡಿ ಎಲ್ಲರಿಗೂ ಹಂಚಿದರು. ನನ್ನ ಪಾಲಿಗೆ ಒಂದು ಹಿಡಿ ಅನ್ನ, ಒಂದು ತುಂಡು ಮೀನು ಬಂತು. ಮೀನಿನ ತಲೆ ಬೇರೆ ಯಾರಿಗೋ ಹೋಯಿತು. ನಿಮ್ಮ ಅಮ್ಮ ನನ್ನ ಎಲೆ ನೋಡಿದಳು. ನಾನು ನಿಧಾನವಾಗಿ ಉಂಡೆ. ಈ ಸಲ ಅದು ನನ್ನ ಊಟವೇ ಎಂದು ನನಗೆ ಗೊತ್ತಿತ್ತು.